ಬ್ಯೂಪ್ರೆನಾರ್ಫಿನ್ ಕೇಂದ್ರ ನಡೆಸುವಾಗ: ನಿಯಮ ಬರೆಯುವವರಿಗೂ ಗೊತ್ತಿರಬೇಕಾದ ವಿವರಗಳು

ಹೆರಾಯಿನ್‌ನಂಥ ಒಪಿಯಾಯ್ಡ್ (ಅಫೀಮಿನ ಗುಂಪಿನ) ಮಾದಕಗಳ ಚಟಕ್ಕೆ ಕೊಡುವ ಔಷಧಿ ಬ್ಯೂಪ್ರೆನಾರ್ಫಿನ್. ಅದನ್ನು ಶುರುಮಾಡುವ ಮೊದಲ ದಿನದ ತೊಂದರೆಗಳಲ್ಲಿ ಹೆಚ್ಚಿನವು ಅವಸರದಿಂದ ಆಗುವಂಥವು. ಈ ಔಷಧಿ ಮೆದುಳಿನ ಒಪಿಯಾಯ್ಡ್ ಗ್ರಾಹಕಗಳಿಗೆ ಹೆರಾಯಿನ್‌ಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಆದರೆ ಅವನ್ನು ಅರ್ಧಂಬರ್ಧ ಮಾತ್ರ ಪ್ರಚೋದಿಸುತ್ತದೆ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗಲೇ ಕೊಟ್ಟರೆ ಅದನ್ನು ಒಮ್ಮೆಗೇ ಹೊರದಬ್ಬಿ ವಾಂತಿ, ಬೆವರು, ಭೇದಿ, ಮೈಕೈ ಸೆಳೆತ ಎಲ್ಲವನ್ನೂ ಒಟ್ಟಿಗೆ ತರುತ್ತದೆ. ಹಾಗಾದವರು ಮರುದಿನ ಬರುವುದು ಕಷ್ಟ. ‘ಆ ಮಾತ್ರೆ ತಗೊಂಡ್ರೆ ಇನ್ನೂ ಹಾಳಾಗ್ತೀವಿ’ ಎಂಬ ಸುದ್ದಿ ಬೇರೆ ಹಬ್ಬುತ್ತದೆ.

ಹಾಗಾಗಿ ನಾವು ಮೊದಲು ಕೇಳುವುದು ಕೊನೆಯ ಸಲ ಏನನ್ನು, ಎಷ್ಟು ಹೊತ್ತಿಗೆ ತೆಗೆದುಕೊಂಡಿರಿ ಎಂದು. ಹೆರಾಯಿನ್ ಆದರೆ ಕನಿಷ್ಠ 12 ಗಂಟೆ ಕಳೆದಿರಬೇಕು, ನಿಧಾನವಾಗಿ ಇಳಿಯುವ, ಚಿಕಿತ್ಸೆಗೂ ಬಳಸುವ ಒಪಿಯಾಯ್ಡ್ ಮೆಥಡೋನ್ ಆದರೆ 36ರಿಂದ 72 ಗಂಟೆ. ಆದರೂ ಗಂಟೆಯ ಲೆಕ್ಕವೊಂದನ್ನೇ ನಂಬುವುದಿಲ್ಲ. ನಾಡಿ, ಬೆವರು, ಕಣ್ಣಿನ ಪಾಪೆ, ಆಕಳಿಕೆ, ರೋಮಾಂಚನ ಮುಂತಾದ 11 ವಿತ್‌ಡ್ರಾವಲ್ (ಮಾದಕ ಇಳಿದಾಗಿನ ನರಳಾಟ) ಲಕ್ಷಣಗಳಿಗೆ ಅಂಕ ಕೊಡುವ ಕೌಸ್ (COWS) ಪಟ್ಟಿ ಇದೆ. ಅದರಲ್ಲಿ 8ರಿಂದ 12 ಬಂದ ಮೇಲೆ ಶುರು. ಹೆರಾಯಿನ್‌ಗಿಂತ ಬಹಳ ತೀಕ್ಷ್ಣವಾದ ಫೆಂಟನಿಲ್ ಬಳಸುವವರಲ್ಲಿ 13 ದಾಟುವವರೆಗೆ ಕಾಯುವುದು ಒಳ್ಳೆಯದು, ಏಕೆಂದರೆ ಪದೇಪದೇ ತೆಗೆದುಕೊಂಡಾಗ ಅದು ಕೊಬ್ಬಿನಲ್ಲಿ ಶೇಖರವಾಗಿ ನಿಧಾನವಾಗಿ ಇಳಿಯುತ್ತದೆ.

ಮೊದಲ ಡೋಸ್ 2 ಅಥವಾ 4 ಮಿ.ಗ್ರಾಂ. ಬಾಯಿ ಒಣಗಿದ್ದರೆ ಒಂದು ಗುಟುಕು ನೀರು ಕೊಟ್ಟು, ಆಮೇಲೆ ಮಾತ್ರೆಯನ್ನು ನಾಲಿಗೆಯಡಿ ಇಡಿಸುತ್ತೇವೆ. ಪೂರ್ತಿ ಕರಗಲು 5ರಿಂದ 10 ನಿಮಿಷ ಬೇಕು. ನುಂಗಿಬಿಟ್ಟರೆ ಔಷಧಿಯ ಹೆಚ್ಚಿನ ಪಾಲು ಯಕೃತ್ತಿನಲ್ಲೇ ಕರಗಿಹೋಗುತ್ತದೆ; ‘ಡೋಸ್ ಸಾಲುತ್ತಿಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ. ಕರಗಿದ ಮೇಲೆ ಬಾಯಿ ಮುಕ್ಕಳಿಸಬೇಕು, ಒಂದು ಗಂಟೆ ಹಲ್ಲುಜ್ಜಬಾರದು, ಇಲ್ಲದಿದ್ದರೆ ಹಲ್ಲು ಹಾಳಾಗುತ್ತದೆ. ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿ, ಬೇಕಾದರೆ ಇನ್ನೊಂದು 2–4 ಮಿ.ಗ್ರಾಂ. ಮೊದಲ ದಿನ ಸಾಮಾನ್ಯವಾಗಿ 8ಕ್ಕೆ ನಿಲ್ಲಿಸಿ, ಎರಡನೆಯ ದಿನದಿಂದ 16ರ ಕಡೆಗೆ ಏರಿಸುತ್ತೇವೆ. ಕೆಲವರಿಗೆ 24 ಬೇಕಾಗುತ್ತದೆ.

ಸರ್ಕಾರದ ನಿಯಮ ಈ ಕೆಲಸಕ್ಕೆ ಅಡ್ಡ ಬರುವುದು ಇಲ್ಲಿಂದಲೇ. ವಿತ್‌ಡ್ರಾವಲ್‌ನಲ್ಲಿ ನರಳುತ್ತ ಬೆಳಿಗ್ಗೆ ಬಂದವರಿಗೆ ‘ನೋಂದಣಿ ಮಾಡಿಸಿ, ರಕ್ತಪರೀಕ್ಷೆ ಮುಗಿಸಿ, ಮುಂದಿನ ವಾರ ಬನ್ನಿ’ ಎಂದರೆ ಅವರು ಸಂಜೆಯೊಳಗೆ ಹೆರಾಯಿನ್ ಹುಡುಕಿಕೊಳ್ಳುತ್ತಾರೆ. ಇನ್ನೇನು ಮಾಡಿಯಾರು? ಯಕೃತ್ತಿನ ಪರೀಕ್ಷೆ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು ಬೇಕು, ಸಂಶಯವಿಲ್ಲ. ಆದರೆ ಅವುಗಳ ಫಲಿತಾಂಶಕ್ಕಾಗಿ ಮೊದಲ ಡೋಸ್ ತಡೆಹಿಡಿಯಬೇಕಿಲ್ಲ. ಕೌನ್ಸೆಲಿಂಗ್ ಕೂಡ ಹಾಗೆಯೇ: ಕೇಳಿದವರಿಗೆ ಸಿಗಬೇಕು, ಒಲ್ಲೆ ಎಂದವರ ಔಷಧಿ ನಿಲ್ಲಿಸಬಾರದು.

ಅಮೆರಿಕದ ಉದಾಹರಣೆ ನೋಡಿ. 2000ದ ಕಾನೂನಿನಂತೆ ಈ ಔಷಧಿ ಬರೆಯಲು ವೈದ್ಯರಿಗೆ ಪ್ರತ್ಯೇಕ ಅನುಮತಿ, 8 ಗಂಟೆಯ ತರಬೇತಿ, ಅದರ ಮೇಲೆ ರೋಗಿಗಳ ಸಂಖ್ಯೆಗೆ 30ರ ಮಿತಿ. ಮಿತಿಯನ್ನು ಮುಂದೆ 100ಕ್ಕೆ, ಆಮೇಲೆ 275ಕ್ಕೆ ಏರಿಸಿದರು. ಅತ್ತ ಅದೇ ವೈದ್ಯರು ಆಕ್ಸಿಕೋಡೋನ್ ಎಂಬ ಒಪಿಯಾಯ್ಡ್ ನೋವುಮಾತ್ರೆ ಬರೆಯಲು ಇಂಥ ಯಾವ ಮಿತಿಯೂ ಇರಲಿಲ್ಲ! ಆ ಅನುಮತಿ ಪದ್ಧತಿ ರದ್ದಾದದ್ದು 2022ರ ಡಿಸೆಂಬರ್ ಕೊನೆಯಲ್ಲಿ ಸಹಿಬಿದ್ದ ಕಾನೂನಿನಿಂದ. ಫ್ರಾನ್ಸ್ 1995ರಲ್ಲೇ ಸಾಮಾನ್ಯ ವೈದ್ಯರಿಗೂ ಬರೆಯಲು ಬಿಟ್ಟಿತು. ನಾಲ್ಕೇ ವರ್ಷದಲ್ಲಿ ಅಲ್ಲಿ ಮಿತಿಮೀರಿದ ಡೋಸ್‌ನ ಸಾವುಗಳು ಸುಮಾರು ಶೇ. 79ರಷ್ಟು ಇಳಿದವು. ಇಳಿಕೆಗೆ ಬೇರೆ ಕಾರಣಗಳೂ ಸೇರಿರಬಹುದು, ಮಾತ್ರೆಗಳನ್ನು ಕರಗಿಸಿ ಚುಚ್ಚಿಕೊಳ್ಳುವ ಪಿಡುಗೂ ಅಲ್ಲಿ ಕಾಣಿಸಿಕೊಂಡಿತು. ಆದರೂ ಎರಡನ್ನೂ ತೂಗಿದರೆ ನನ್ನ ಮತ ಫ್ರಾನ್ಸ್ ಕಡೆಗೇ.

ಪೂರೈಕೆಯನ್ನು ಮಾತ್ರ ಬಿಗಿಮಾಡಿದರೆ ಏನಾಗುತ್ತದೆಂಬುದೂ ಕಂಡಾಗಿದೆ. 2010ರಲ್ಲಿ ಅಮೆರಿಕದಲ್ಲಿ ಆಕ್ಸಿಕಾಂಟಿನ್ (ಆಕ್ಸಿಕೋಡೋನ್‌ನ ಒಂದು ಬ್ರ್ಯಾಂಡ್) ಮಾತ್ರೆಯನ್ನು ಸುಲಭವಾಗಿ ಪುಡಿಮಾಡಲಾಗದಂತೆ ಬದಲಿಸಿದಾಗ ಬಹಳ ಮಂದಿ ಹೆರಾಯಿನ್‌ಗೆ ಹೊರಳಿದರು.

ಮಾತ್ರೆ ಹೊರಗೆ ಮಾರಾಟವಾಗುತ್ತದೆ ಎಂಬ ಭಯ ಅಧಿಕಾರಿಗಳಿಗೆ ಯಾವಾಗಲೂ ಇರುತ್ತದೆ, ಅದು ಸುಳ್ಳೂ ಅಲ್ಲ. ಮೊದಲ ವಾರಗಳಲ್ಲಿ ಎದುರಿಗೇ ಕೊಡುತ್ತೇವೆ: ಮಾತ್ರೆಯನ್ನು ತರಿತರಿಯಾಗಿ ಪುಡಿಮಾಡಿ ನಾಲಿಗೆಯಡಿ ಹಾಕಿ, ಕರಗಿದ ಮೇಲೆ ಬಾಯಿ ತೆರೆಸಿ ನೋಡುವುದು. ಹಿಟ್ಟಿನಂತೆ ನುಣ್ಣಗೆ ಮಾಡಿದರೆ ಉಗುಳಿನೊಂದಿಗೆ ಹೊಟ್ಟೆಗೆ ಇಳಿದುಬಿಡುತ್ತದೆ. ಆಮೇಲೆ ಮನೆಗೆ ಕೊಡುವ ಡೋಸ್‌ಗಳನ್ನು ಹೆಚ್ಚಿಸುತ್ತ ಹೋಗಬೇಕು. ಕೆಲಸಕ್ಕೆ ಹೋಗುವವರನ್ನು ದಿನಾ ಸಾಲಿನಲ್ಲಿ ನಿಲ್ಲಿಸಿದರೆ ಕೆಲಸ ಹೋಗುತ್ತದೆ, ಇಲ್ಲವೇ ಚಿಕಿತ್ಸೆ ನಿಲ್ಲುತ್ತದೆ. ಅಮೆರಿಕದಲ್ಲಿ ಕೋವಿಡ್ ಕಾಲದಲ್ಲಿ ಮೆಥಡೋನ್ ಅನ್ನು 28 ದಿನಗಳವರೆಗೆ ಮನೆಗೆ ಕೊಡಲು ಬಿಟ್ಟರು. 2024ರಲ್ಲಿ ಆ ಸಡಿಲಿಕೆಯನ್ನು ಕಾಯಂ ಮಾಡಿದರು.

ಯೋಜನೆಯ ಕಾಗದದಲ್ಲಿ ‘ಆರು ತಿಂಗಳಲ್ಲಿ ಔಷಧಿ ಮುಕ್ತ’ ಎಂಬ ಗುರಿ ಕಂಡರೆ ನಾನು ಅದನ್ನು ಹೊಡೆದುಹಾಕುತ್ತೇನೆ. ಔಷಧಿ ನಿಲ್ಲಿಸಿದವರಲ್ಲಿ ಹೆಚ್ಚಿನವರು ಮತ್ತೆ ಹೆರಾಯಿನ್‌ಗೆ ಮರಳುತ್ತಾರೆ, ಅಷ್ಟರಲ್ಲಿ ಮೈಗೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಜೈಲಿನಿಂದ ಹೊರಬಂದ ಮೊದಲ ಎರಡು ವಾರ ಸಾವಿನ ಅಪಾಯ ಅಷ್ಟೊಂದು ಹೆಚ್ಚಿರುವುದೂ ಇದಕ್ಕೇ. ಜೈಲಿನೊಳಗೇ ಚಿಕಿತ್ಸೆ ಶುರುಮಾಡಿ, ಬಿಡುಗಡೆಯ ದಿನ ಕೈಗೆ ಕೆಲವು ದಿನಗಳ ಔಷಧಿ, ಹೊರಗಿನ ಕೇಂದ್ರದ ಚೀಟಿ, ಮಿತಿಮೀರಿದ ಡೋಸ್‌ನಿಂದ ಉಸಿರು ಕುಗ್ಗಿದಾಗ ಕೊಡುವ ನಲೋಕ್ಸೋನ್ ಈ ಮೂರನ್ನೂ ಕೊಡಬೇಕು. ಶುಕ್ರವಾರ ಸಂಜೆ ಬಿಡುಗಡೆ ಮಾಡಿ ಸೋಮವಾರದ ಚೀಟಿ ಕೊಟ್ಟರೆ ನಡುವಿನ ಎರಡು ದಿನ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ನಲೋಕ್ಸೋನ್ ಬಗ್ಗೆ ಕುಟುಂಬದವರಿಗೆ ಹೇಳಿಕೊಡುವುದು ಇಷ್ಟು: ಕರೆದರೆ ಎಚ್ಚರವಾಗದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, 4 ಮಿ.ಗ್ರಾಂ ಸ್ಪ್ರೇ ಒಂದು ಮೂಗಿನ ಹೊಳ್ಳೆಗೆ, ಇಲ್ಲವೇ 0.4 ಮಿ.ಗ್ರಾಂ ಇಂಜೆಕ್ಷನ್ ತೊಡೆಗೆ. ಬಾಯಿಂದ ಬಾಯಿಗೆ ಉಸಿರು ಕೊಡುತ್ತಿರಬೇಕು. 2–3 ನಿಮಿಷದಲ್ಲಿ ಉಸಿರಾಟ ಸರಿಹೋಗದಿದ್ದರೆ ಮತ್ತೊಂದು ಡೋಸ್. ಇದರ ಪರಿಣಾಮ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ, ಹೆರಾಯಿನ್ ಅಥವಾ ಮೆಥಡೋನ್ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಎದ್ದು ಕೂತರೆಂದು ಒಬ್ಬರನ್ನೇ ಬಿಟ್ಟು ಹೋಗಬಾರದು. ನಿದ್ರೆಮಾತ್ರೆ, ಮದ್ಯ ಸೇರಿದ್ದರೆ ಅವುಗಳ ಮೇಲೆ ಇದು ಕೆಲಸ ಮಾಡುವುದಿಲ್ಲ. ಆಂಬುಲೆನ್ಸ್ ಜೊತೆ ಪೊಲೀಸರೂ ಬಂದು ಕೇಸು ಹಾಕುತ್ತಾರೆಂದು ಗೊತ್ತಾದರೆ ಯಾರೂ ಫೋನ್ ಮಾಡುವುದಿಲ್ಲ, ಹಾಗಾಗಿ ಕರೆ ಮಾಡಿದವರಿಗೆ ಕಾನೂನಿನ ರಕ್ಷಣೆ ಬೇಕು. ಸರ್ಕಾರದಿಂದ ನಲೋಕ್ಸೋನ್ ಬಂದ ಮೇಲೆ ಅದನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡುವವರನ್ನೂ ಕಂಡಿದ್ದೇನೆ. ಅದು ನಶೆ ಬರಿಸುವ ವಸ್ತುವಲ್ಲ. ಕೈಗೆಟಕುವ ಜಾಗದಲ್ಲಿಟ್ಟು, ಅವಧಿ ಮುಗಿಯುವ ತಿಂಗಳನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದರೆ ಸಾಕು.