ಮೂರು ದಿನದ ಸೀಸನ್ನಿಗೆ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದ್ದು

ನಮ್ಮ ಕಾಲೇಜುಗಳ ‘ಸೀಸನ್’ ಅಮೆರಿಕದವರದ್ದರಂತೆ ತಿಂಗಳುಗಟ್ಟಲೆ ನಡೆಯುವುದಿಲ್ಲ. ಅಂತರಕಾಲೇಜು ಟೂರ್ನಿ ಹೆಚ್ಚಾಗಿ ನಾಕೌಟ್ ಕಮ್ ಲೀಗ್: ಸೋತವರು ಹೊರಹೋಗುವ ಸುತ್ತು, ಎಲ್ಲರೂ ಎಲ್ಲರೊಂದಿಗೆ ಆಡುವ ಸುತ್ತು ಎರಡೂ ಸೇರಿದ್ದು. ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಒಂದು ಮ್ಯಾಚ್, ಸಂಜೆ ಇನ್ನೊಂದು. ಹಾಗಾಗಿ ಹುಡುಗಿಯರ ತಂಡವನ್ನು ಸಂಜೆ ಮ್ಯಾಚಿನ ನಾಲ್ಕನೇ, ಅಂದರೆ ಕೊನೆಯ ಕ್ವಾರ್ಟರಿಗೆಂದೇ ತಯಾರು ಮಾಡಿದೆವು. ಕಪ್ ಬಂದದ್ದೂ ಅಲ್ಲೇ.

ಮೊದಲು ಓಟ. ಬೇಸ್‌ಲೈನಿನಿಂದ (ರಿಂಗಿನ ಹಿಂದಿನ ಅಂಚುಗೆರೆ) ಹತ್ತಿರದ ಫ್ರೀ ಥ್ರೋ ಗೆರೆ (ಫೌಲಿಗೆ ಸಿಗುವ, ಯಾರೂ ತಡೆಯದ ಶಾಟ್ ಹಾಕುವ ಗೆರೆ), ವಾಪಸ್, ನಡುಗೆರೆ, ವಾಪಸ್, ಆಚೆಯ ಫ್ರೀ ಥ್ರೋ ಗೆರೆ, ವಾಪಸ್, ಆಚೆಯ ಬೇಸ್‌ಲೈನ್, ವಾಪಸ್. 28 ಮೀಟರ್ ಕೋರ್ಟಿನಲ್ಲಿ ಇದು ಸರಿಯಾಗಿ 140 ಮೀಟರ್. ಮುಗಿದ ಕೂಡಲೇ, ಏದುಸಿರಿನಲ್ಲೇ, ಎರಡು ಫ್ರೀ ಥ್ರೋ. ಇಂಥ ಎಂಟು ಸುತ್ತು. ಸುಸ್ತಾಗದೆ ನಿಂತು ನೂರು ಫ್ರೀ ಥ್ರೋ ಹಾಕಿಸುವುದು ನನ್ನ ಪ್ರಕಾರ ಟೈಮ್‌ಪಾಸ್. ಮ್ಯಾಚಿನಲ್ಲಿ ಕ್ವಾರ್ಟರಿನ ಐದನೇ ಟೀಮ್ ಫೌಲಿನಿಂದ (ತಂಡದವರೆಲ್ಲರ ಫೌಲ್ ಸೇರಿಸಿದ ಲೆಕ್ಕ) ಎದುರಾಳಿಗೆ ಎರಡೆರಡು ಶಾಟ್ ಸಿಗುತ್ತದೆ. ಆ ಹೊತ್ತಿಗೆ ಯಾರ ಕಾಲಲ್ಲೂ ಕಸುವಿರುವುದಿಲ್ಲ. ಚೆಂಡು ಮತ್ತೆ ಮತ್ತೆ ರಿಂಗಿನ ಮುಂಭಾಗಕ್ಕೆ ಬಡಿದರೆ ಕೈ ತಿದ್ದಬೇಡಿ, ಮೊಣಕಾಲು ನೋಡಿ. ಬಗ್ಗುತ್ತಿರುವುದಿಲ್ಲ.

ಚೆಂಡಿನ ವಿಷಯ ಅನೇಕರು ಮರೆಯುತ್ತಾರೆ. ಹುಡುಗಿಯರ ಚೆಂಡು 6ನೇ ಸೈಜು, ಹುಡುಗರದ್ದು 7. ಕಾಲೇಜಿನಲ್ಲಿರುವ 7ರಲ್ಲೇ ಅಭ್ಯಾಸ ಮಾಡಿಸಿ ಟೂರ್ನಿಗೆ ಕರೆದೊಯ್ದರೆ ಮೊದಲ ಮ್ಯಾಚಿನಲ್ಲಿ ಪಾಸೆಲ್ಲ ಉದ್ದ ಹೋಗುತ್ತವೆ. ಆರಂಭದಿಂದಲೇ 6 ಕೊಡಿ.

ಹೆಚ್ಚು ಸಮಯ ಹಿಡಿದದ್ದು ಬಾಕ್ಸ್ ಔಟ್, ಅಂದರೆ ತಪ್ಪಿದ ಶಾಟಿನ ಚೆಂಡು ಎದುರಾಳಿಗೆ ಸಿಗದಂತೆ ಅಡ್ಡ ನಿಲ್ಲುವುದು. ಶಾಟ್ ಹೊರಟ ಕ್ಷಣ ಎಲ್ಲರ ಕಣ್ಣೂ ಚೆಂಡಿನ ಹಿಂದೆ ಹೋಗುತ್ತದೆ. ಅಷ್ಟರಲ್ಲಿ ಎದುರಾಳಿ ಒಳನುಗ್ಗಿರುತ್ತಾಳೆ. ಕಲಿಸಿದ್ದು ಇಷ್ಟು: ಮೊದಲು ನಿನ್ನ ಎದುರಾಳಿಯನ್ನು ಹುಡುಕು, ಮುಂದೋಳು ತಾಗಿಸು, ತಿರುಗಿ ಬೆನ್ನು ಕೊಡು, ಆಮೇಲೆ ಚೆಂಡು ನೋಡು. ಮುಂದೋಳು ತಾಗಿಸಬಹುದು, ತಳ್ಳಿದರೆ ಫೌಲ್. ಸೈಡಿನಿಂದ “ಬೆನ್ನು ಕೊಡ್ರೇ, ಬೆನ್ನು!” ಎಂದು ಕೂಗಿ ಕೂಗಿ ಗಂಟಲು ಕಟ್ಟುವುದು ಖಾತ್ರಿ. ಮೂಲೆಯಿಂದ ಹಾಕಿದ ಶಾಟ್ ತಪ್ಪಿದರೆ ಹೆಚ್ಚಾಗಿ ಎದುರು ಬದಿಗೇ ಪುಟಿಯುತ್ತದೆ. ಆ ಬದಿಯಲ್ಲಿ ಒಬ್ಬಳು ಕಡ್ಡಾಯ. ಆಕ್ರಮಣದ ರೀಬೌಂಡಿನ (ನಮ್ಮದೇ ತಪ್ಪಿದ ಶಾಟಿನ ಚೆಂಡು ನಮಗೇ ಸಿಗುವುದು) ಬಳಿಕ ಶಾಟ್ ಕ್ಲಾಕ್, ಅಂದರೆ ಶಾಟ್ ಹಾಕಲು ಇರುವ ಸೆಕೆಂಡುಗಳ ಗಡಿಯಾರ, 24ಕ್ಕಲ್ಲ, 14ಕ್ಕೆ ಹೋಗುತ್ತದೆ. ಗಾಬರಿಯಾಗಿ ಎಸೆಯಬೇಕಿಲ್ಲ, ಹೊಸದಾಗಿ ಆಟ ಕಟ್ಟುವಷ್ಟು ಸಮಯವೂ ಇಲ್ಲ. ಒಂದು ಪಾಸ್ ಹೊರಗೆ, ಒಂದು ಒಳಗೆ, ಶಾಟ್.

ಸಿಮೆಂಟ್ ಕೋರ್ಟಿನಲ್ಲಿ ಬೆಳೆದವರು ಮರದ ನೆಲಕ್ಕೆ ಹೋದಾಗ ಶೂ ಜಾರುತ್ತದೆ. ಕಾರಣ ನೆಲವಲ್ಲ, ಅಟ್ಟೆಗೆ ಅಂಟಿದ ದೂಳು. ಒಳಾಂಗಣಕ್ಕೆ ಬೇರೆ ಜೋಡಿ ಇರಲಿ. ಇಲ್ಲದಿದ್ದರೆ ಅಟ್ಟೆ ತೊಳೆದು, ಬೆಂಚಿನ ಪಕ್ಕ ಒದ್ದೆ ಟವೆಲ್ ಹಾಸಿ. ಹೊರಗಿನ ಗಟ್ಟಿ ರಿಂಗಿಗೂ ಒಳಗಿನ ಸ್ಪ್ರಿಂಗ್ ರಿಂಗಿಗೂ ಪುಟಿತ ಬೇರೆ. ವಾರ್ಮಪ್ಪಿನಲ್ಲಿ ಲೇ-ಅಪ್ (ಓಡಿ ಬಂದು ರಿಂಗಿನ ಹತ್ತಿರದಿಂದ ಹಾಕುವ ಶಾಟ್) ಕಡಿಮೆ ಮಾಡಿ ಬೋರ್ಡಿಗೆ ಬಡಿಸುವ ಶಾಟ್‌ಗಳನ್ನು ಹೆಚ್ಚಿಸಿದರೆ ಅಂದಾಜು ಸಿಗುತ್ತದೆ.

ಬದಲಾವಣೆಗೆ ಲೆಕ್ಕ ಸರಳ: ಮೊದಲ ಕ್ವಾರ್ಟರಿನಲ್ಲೇ ಎರಡು ಫೌಲ್ ಆದವಳು ಎಷ್ಟೇ ಚೆನ್ನಾಗಿ ಆಡುತ್ತಿರಲಿ, ಬೆಂಚಿಗೆ. ಬೆಳಗಿನ ಮ್ಯಾಚಿನಲ್ಲಿ ಮುನ್ನಡೆ ದಕ್ಕಿದ ಮೇಲೆ ಮೊದಲ ಐವರನ್ನು ಆಡಿಸುವುದು ದುರಾಸೆ. ಎರಡು ಮ್ಯಾಚಿನ ನಡುವೆ ಅನ್ನ, ಮೊಸರು, ಬಾಳೆಹಣ್ಣು, ಅದೂ ಆಟಕ್ಕೆ ಎರಡೂವರೆ ಗಂಟೆ ಮೊದಲೇ. ಗೆದ್ದ ಖುಷಿಯಲ್ಲಿ ಗೋಬಿ ಮಂಚೂರಿ ಕೇಳುತ್ತಾರೆ. ಫೈನಲ್ ಮುಗಿಯಲಿ ಅನ್ನಿ.