ಗದ್ದೆಯ ಪಸೆ ಆರುವ ಮೊದಲು ಹುರುಳಿ ಬಿತ್ತುವುದು ಹೇಗೆ?

ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆ ಖಾಲಿ ಬಿಡುವ ಬದಲು ಹುರುಳಿ ಹಾಕ್ತೇನೆ ಅಂತ ಹೊರಟವರನ್ನು ಉಡುಪಿ ಹತ್ತಿರದ ನಮ್ಮ ಬ್ರಹ್ಮಾವರದ ಸುತ್ತ ತುಂಬಾ ನೋಡಿದ್ದೇನೆ. ಜನವರಿ ಬರುವಾಗ ಸುಮಾರು ಜನ ಕೈಬಿಟ್ಟಿರುತ್ತಾರೆ. ಬೀಜವೇ ಸರಿಯಿಲ್ಲ ಅನ್ನುತ್ತಾರೆ. ತಪ್ಪು ಬೀಜದ್ದಲ್ಲ. ಊರ ಹುರುಳಿ, ಅಂದರೆ ತುಳುವಿನ ಕುಡು, ನೀರಿಲ್ಲದೆ ಬದುಕುವುದನ್ನು ಚೆನ್ನಾಗಿ ಬಲ್ಲ ಬೆಳೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಬರದ ಮಾತು ಯಾಕೆ ಅಂತ ಕೇಳಬೇಡಿ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಆಮೇಲೆ ಗದ್ದೆಯಲ್ಲಿ ಉಳಿದ ಪಸೆಯೇ ಬಂಡವಾಳ.

ಮೊದಲು ಬೀಜ. ಎಕರೆಗೆ ಸುಮಾರು 10 ಕಿಲೋ ಸಾಕು. ದಿನಸಿ ಅಂಗಡಿಯ ಹುರುಳಿ ತರಬೇಡಿ, ಎಲ್ಲಿಯದು, ಎಷ್ಟು ಹಳೆಯದು ಅಂತ ಗೊತ್ತಾಗುವುದಿಲ್ಲ. ಅಕ್ಕಪಕ್ಕದಲ್ಲಿ ಬೆಳೆದವರ ಹತ್ತಿರ ಕೇಳಿ. ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನಾಲ್ಕೈದು ದಿನ ಬಿಟ್ಟು ಎಣಿಸಿ. ಎಂಬತ್ತು ಮೊಳೆತರೆ ಒಳ್ಳೆಯದು. ಕಲ್ಲಿನ ಹಾಗೆ ಗಟ್ಟಿ ಉಳಿದ ಕಾಳು ಕೆಲವು ಇರುತ್ತವೆ, ಅವೆಲ್ಲ ಸತ್ತವಲ್ಲ. ಸಿಪ್ಪೆ ದಪ್ಪ, ನೀರು ಒಳಗೆ ಹೋಗುವುದು ತಡ. ಹಳೆ ತಳಿಯಲ್ಲಿ ಎಲ್ಲ ಕಾಳೂ ಒಂದೇ ಮಳೆಯನ್ನು ನಂಬಿ ಮೊಳೆಯುವುದಿಲ್ಲ.

ಎಲ್ಲರೂ ಎಡವುವುದು ಬಿತ್ತುವ ದಿನದಲ್ಲಿ. ಭತ್ತ ಒಕ್ಕಿ, ಹುಲ್ಲು ಒಣಗಿಸಿ, ಮದುವೆ ಮುಂಜಿ ಮುಗಿಸಿ ಆಮೇಲೆ ಬಿತ್ತಿದರೆ ಆಗುವುದಿಲ್ಲ. ಕೊಯ್ಲಾದ ಮಾರನೇ ದಿನವೇ ಗದ್ದೆಗೆ ಇಳಿದು, ಬೆರಳುದ್ದ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ನಿಲ್ಲಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಅಂಗೈಗೆ ಮೆತ್ತಬಾರದು. ನೀರು ಒಸರಿದರೆ ಎರಡು ಮೂರು ದಿನ ತಡೆಯಿರಿ, ಇಲ್ಲದಿದ್ದರೆ ಬೀಜ ಕೊಳೆಯುತ್ತದೆ. ಉಂಡೆಯೇ ಆಗದಿದ್ದರೆ ತಡವಾಯಿತು. ಎತ್ತರದ ಬೆಟ್ಟು ಗದ್ದೆ ಬೇಗ ಒಣಗುತ್ತದೆ, ನಡು ಎತ್ತರದ ಮಜಲು ಸ್ವಲ್ಪ ಕಾಯುತ್ತದೆ. ತಗ್ಗಿನ ಬೈಲು ಗದ್ದೆಯಲ್ಲಿ ಪಸೆ ಜಾಸ್ತಿ, ಅಲ್ಲಿ ಹುರುಳಿ ಬೇಡ, ಉದ್ದು ಹಾಕಿ. ಉತ್ತ ಮಣ್ಣನ್ನು ರಾತ್ರಿಯಿಡೀ ತೆರೆದು ಬಿಡಬೇಡಿ. ಬೆಳಿಗ್ಗೆ ಉತ್ತು, ಅವತ್ತೇ ಬಿತ್ತಿ, ಬಿಸಿಲು ಏರುವ ಮೊದಲು ಹಲಗೆ ಎಳೆದು ಮುಚ್ಚಿಬಿಡಿ.

ಗೊಬ್ಬರದ ಬಗ್ಗೆ ಒಂದೇ ಮಾತು. ಯೂರಿಯಾ ಬೇಡ. ಬೇರಿನ ಗಂಟುಗಳೇ ಸಾರಜನಕ ಕೊಡುತ್ತವೆ. ಯೂರಿಯಾ ಹಾಕಿದರೆ ಗಂಟು ಕಡಿಮೆಯಾಗಿ ಸೊಪ್ಪು ಮಾತ್ರ ಬೆಳೆಯುತ್ತದೆ, ಜಾಸ್ತಿ ಸೊಪ್ಪಿಗೆ ಜಾಸ್ತಿ ನೀರು ಬೇಕಲ್ವಾ? ಬೇರಲ್ಲಿ ಆ ಗಂಟು ಕಟ್ಟಿಸುವ ಜೀವಾಣು ರೈಜೋಬಿಯಂ, ಅದರ ಪ್ಯಾಕೆಟ್ ತರುವುದಾದರೆ ದಿನಾಂಕ ನೋಡಿ. ಅಂಗಡಿ ಬಾಗಿಲಲ್ಲಿ ಬಿಸಿಲಿಗೆ ಇಟ್ಟದ್ದನ್ನು ಖಂಡಿತ ತರಬೇಡಿ, ಅದರೊಳಗಿನ ಜೀವಾಣು ಸತ್ತಿರುತ್ತದೆ. ಬಾಟಲಿಯ ‘ಹೂವಿನ ಟಾನಿಕ್’ಗೆ ದುಡ್ಡು ಸುರಿಯುವುದೂ ದಂಡ.

ಇನ್ನು ಸುಮ್ನೆ ಬಿಡುವ ಕೆಲಸ, ಇದೇ ಕಷ್ಟ. ಮಧ್ಯಾಹ್ನ ಎಲೆಗಳು ಬಿಸಿಲಿಗೆ ಅಂಚು ತಿರುಗಿಸಿ ನಿಲ್ಲುತ್ತವೆ. ಬಾಡಿತು ಅಂತ ಗಾಬರಿಯಾಗಿ ಜನ ಪೈಪ್ ಹಿಡಿದು ಓಡುತ್ತಾರೆ. ಅದು ಬಾಡಿದ್ದಲ್ಲ, ಬಿಸಿಲು ಕಡಿಮೆ ತಾಗಲಿ ಅಂತ ಗಿಡ ಮಾಡಿಕೊಂಡ ಉಪಾಯ. ದಿನಾ ಸ್ವಲ್ಪ ಸ್ವಲ್ಪ ನೀರು ಕೊಟ್ಟರೆ ಬೇರು ಮೇಲೆಯೇ ಉಳಿಯುತ್ತದೆ, ಮತ್ತೆ ನಾಲ್ಕು ದಿನ ನೀರು ತಪ್ಪಿದರೆ ಗಿಡ ಹೋಯಿತು. ಮೇಲಿನ ಮಣ್ಣು ಒಣಗಲಿ, ತಾಯಿಬೇರು ಪಸೆ ಹುಡುಕಿ ಇಳಿಯಲಿ. ಬಳ್ಳಿ ಹರಡಿ ನೆಲ ಮುಚ್ಚಿದರೆ ಪಸೆ ಆರುವುದೂ ನಿಧಾನ. ಹೂ ಬಿಡುವಾಗ ಬೆಳಿಗ್ಗೆಯೂ ಎಲೆ ಜೋತಾಡುತ್ತಿದ್ದರೆ ಮಾತ್ರ ಒಂದು ಸಲ ಚೆನ್ನಾಗಿ ನೆನೆಯುವಷ್ಟು ನೀರು ಬಿಡಿ.

ಕಾಯಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮುಂಜಾನೆ ಇಬ್ಬನಿ ಇರುವಾಗಲೇ ಗಿಡ ಕೀಳಿ, ಬಿಸಿಲಲ್ಲಿ ಕಿತ್ತರೆ ಸಿಡಿದು ಅರ್ಧ ನೆಲಕ್ಕೆ. ಒಣಗಿಸಿ ಬಡಿಯಿರಿ.

ಬಡಿಯುವ ಮೊದಲೇ ಮುಂದಿನ ವರ್ಷದ ಬೀಜಕ್ಕೆ ಬೇಕಾದ ಗಿಡಗಳನ್ನು ಬೇರೆ ಇಡಬೇಕು. ತೋಡಿನ (ಸಣ್ಣ ಹಳ್ಳದ) ಪಕ್ಕದ ಸೊಕ್ಕಿದ ಗಿಡ ಆರಿಸಬೇಡಿ. ಗದ್ದೆಯ ಅತಿ ಒಣ ಮೂಲೆಯಲ್ಲಿ ನಿಂತು ಕಾಯಿ ತುಂಬಿಸಿಕೊಂಡ ಗಿಡಗಳಿಗೆ ನಾನು ಕೊಯ್ಲಿಗೆ ಒಂದು ವಾರ ಮೊದಲೇ ಬಟ್ಟೆಚೂರು ಕಟ್ಟಿಡುತ್ತೇನೆ. ಆ ಕಾಳು ಮೂರು ಬಿಸಿಲು ಒಣಗಿಸಿ, ಒಲೆಯ ಬೂದಿ ಬೆರೆಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಿ.