ಸ್ಟಾರ್ಚ್ ಬಾಟಲಿಯ ಮೇಲಿನ ಆ ಅಂಕಿಗಳು

ನಾನು ಅರಿವಳಿಕೆ ವೈದ್ಯ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ರಕ್ತ ಹೋಗಿ ಬಿಪಿ ಕುಸಿದರೆ ನನ್ನ ಕೈ ಸೀದಾ ಸ್ಟಾರ್ಚ್ ಬಾಟಲಿಗೆ, ಅಂದರೆ ರಕ್ತನಾಳದಲ್ಲಿ ದ್ರವ ತುಂಬಲು ಡ್ರಿಪ್ ಹಾಕುವ ಪಿಷ್ಟದ ದ್ರಾವಣಕ್ಕೆ, ಹೋಗುತ್ತಿತ್ತು. ಅದರ ಮೇಲೆ 6%, 130/0.4 ಎಂದು ಬರೆದಿರುತ್ತಿತ್ತು. ಸುಮ್ನೆ ಓದಿ ಡ್ರಿಪ್ ಹಾಕುತ್ತಿದ್ದೆ.

ಒಮ್ಮೆ ಆಪರೇಷನ್ ಆದ ಮರುದಿನ ಒಬ್ಬ ರೋಗಿಯ ರಕ್ತದಲ್ಲಿ ಅಮೈಲೇಸ್, ಅಂದರೆ ಪಿಷ್ಟವನ್ನು ಕತ್ತರಿಸುವ ಕಿಣ್ವ, ಜಾಸ್ತಿ ಬಂತು. ಹೊಟ್ಟೆ ಮೆತ್ತಗಿತ್ತು, ನೋವಿರಲಿಲ್ಲ. ಆದರೂ ಪ್ಯಾಂಕ್ರಿಯಾಸ್ (ಮೇದೋಜೀರಕ) ಊದಿದೆಯೇನೋ ಎಂದು ಗಾಬರಿಯಾಯಿತು. ಆದರೆ ಪ್ಯಾಂಕ್ರಿಯಾಸ್ ಊದಿದರೆ ಏರುವ ಇನ್ನೊಂದು ಕಿಣ್ವ ಲೈಪೇಸ್ ನಾರ್ಮಲ್ ಇತ್ತು. ಹಿರಿಯರೊಬ್ಬರು ಚಾರ್ಟ್ ನೋಡಿ, "ನಿನ್ನೆ ಸ್ಟಾರ್ಚ್ ಎಷ್ಟು ಕೊಟ್ಟಿದ್ದೀಯಪ್ಪಾ?" ಎಂದು ಕೇಳಿದರು. ಅಮೈಲೇಸ್ ಹೋಗಿ ಸ್ಟಾರ್ಚಿಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಎಷ್ಟು ದೊಡ್ಡದೆಂದರೆ ಕಿಡ್ನಿ ಅದನ್ನು ಸೋಸಿ ಹೊರಹಾಕಲಾರದು, ಹಾಗಾಗಿ ಅಮೈಲೇಸ್ ರಕ್ತದಲ್ಲೇ ಉಳಿದು ಜಾಸ್ತಿ ಕಾಣುತ್ತದೆ. ಕಾಯಿಲೆ ಇರಲಿಲ್ಲ, ಇದ್ದದ್ದು ನಾನು ಕೊಟ್ಟ ಸ್ಟಾರ್ಚ್.

ಅಂದು ರಾತ್ರಿ ಆ ಅಂಕಿಗಳನ್ನು ಹಿಡಿದು ಕೂತೆ. ಮೆಕ್ಕೆಜೋಳ ಅಥವಾ ಆಲೂಗಡ್ಡೆಯ ಪಿಷ್ಟವನ್ನು ಹಾಗೇ ರಕ್ತಕ್ಕೆ ಬಿಟ್ಟರೆ ಅಮೈಲೇಸ್ ಬೇಗ ಕತ್ತರಿಸಿಬಿಡುತ್ತದೆ. ಅದನ್ನು ತಡೆಯಲು ಹೈಡ್ರಾಕ್ಸಿಈಥೈಲ್ ಗುಂಪು ಎಂಬ ಸಣ್ಣ ರಾಸಾಯನಿಕ ತುಣುಕುಗಳನ್ನು ಸೇರಿಸುತ್ತಾರೆ. 6% ಎಂಬುದು ಸಾಂದ್ರತೆ. 10% ಇದ್ದರೆ ಅಂಗಾಂಶದ ನೀರನ್ನೂ ರಕ್ತನಾಳದೊಳಕ್ಕೆ ಎಳೆಯುತ್ತದೆ. 130 ಎಂದರೆ ಸರಾಸರಿ ಅಣುತೂಕ, ಕಿಲೋಡಾಲ್ಟನ್‌ಗಳಲ್ಲಿ. 0.4 ಎಂದರೆ ಪಿಷ್ಟದ ಸರಪಳಿಯ ಹತ್ತು ಗ್ಲೂಕೋಸ್‌ಗೆ ಸರಾಸರಿ ನಾಲ್ಕು ಗುಂಪು.

ಅಣು ದೊಡ್ಡದಾದಷ್ಟೂ ಹೆಚ್ಚು ಹೊತ್ತು ಉಳಿಯುತ್ತದೆ ಎಂದೇ ನಂಬಿದ್ದೆ. ಆದರೆ ಎಂಥ ದೊಡ್ಡ ಅಣುವಾದರೂ ರಕ್ತದಲ್ಲಿ ತುಂಡಾಗುತ್ತದೆ ಅಲ್ವಾ? ಎಷ್ಟು ಬೇಗ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಕೊನೆಯ ಅಂಕಿ. ಗುಂಪುಗಳು ಗ್ಲೂಕೋಸಿನ ಆರನೇ ಕಾರ್ಬನ್ನಿಗಿಂತ ಎರಡನೇ ಕಾರ್ಬನ್ ಮೇಲೆ ಹೆಚ್ಚಿದ್ದರೆ ಅಮೈಲೇಸ್‌ಗೆ ಇನ್ನೂ ಕಷ್ಟ. ಸ್ಟಾರ್ಚಿನ ಬಗೆಗಳ ಹೆಸರುಗಳ ಗುಟ್ಟೂ ಈ ಕೊನೆಯ ಅಂಕಿಯೇ. ಹೆಟಾಸ್ಟಾರ್ಚ್ 0.7, ಹೆಕ್ಸಾ 0.6, ಪೆಂಟಾ 0.5, ಟೆಟ್ರಾ 0.4. ಹೆಚ್ಚು ಹೊತ್ತು ಉಳಿಯುವುದು ಲಾಭ ಎಂದುಕೊಳ್ಳಬೇಡಿ. ಫ್ಯಾಕ್ಟರ್ 8 ಎಂಬ ಹೆಪ್ಪುಗಟ್ಟಿಸುವ ಪ್ರೋಟೀನ್ ಇಳಿದು ರಕ್ತ ಹೆಪ್ಪುಗಟ್ಟುವುದು ಕುಂದುತ್ತದೆ. ಚರ್ಮದಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ತುರಿಕೆ ಕೊಡುತ್ತದೆ.

ನನ್ನ ಬಾಟಲಿಯದು ಟೆಟ್ರಾ, ಬೇಗ ಕರಗುತ್ತದೆ, ಹಾಗಾಗಿ ಸುರಕ್ಷಿತ ಎಂದು ಸಮಾಧಾನಪಟ್ಟಿದ್ದೆ. 2012ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. 6ಎಸ್ ಅಧ್ಯಯನದಲ್ಲಿ ತೀವ್ರ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಸೋಲುವ ಸ್ಥಿತಿ) ಇದ್ದವರು 90 ದಿನದೊಳಗೆ ಸತ್ತದ್ದು ಸ್ಟಾರ್ಚ್ ಕೊಟ್ಟ ಕಡೆ 51%, ರಿಂಗರ್ ಅಸಿಟೇಟ್ ಎಂಬ ಲವಣದ ದ್ರಾವಣ ಕೊಟ್ಟ ಕಡೆ 43%. ಸುಮಾರು 7,000 ಐಸಿಯು ರೋಗಿಗಳ ಚೆಸ್ಟ್ ಅಧ್ಯಯನದಲ್ಲಿ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಆದರೆ ಡಯಾಲಿಸಿಸ್‌ನಂಥ ಚಿಕಿತ್ಸೆ ಬೇಕಾದವರು ಸ್ಟಾರ್ಚ್ ಕೊಟ್ಟ ಕಡೆ 7%, ಕೊಡದ ಕಡೆ 5.8%. ಓದುವಾಗ ನಾನು ಬಾಟಲಿ ಹಾಕಿದ್ದ ಮುಖಗಳು ನೆನಪಾದವು. ಯುರೋಪ್ ಒಕ್ಕೂಟ 2022ರಲ್ಲಿ ಸ್ಟಾರ್ಚಿನ ಮಾರಾಟದ ಅನುಮತಿಯನ್ನೇ ತಡೆಹಿಡಿಯಿತು.

ಈಗ ನನ್ನ ಕೈ ಮೊದಲು ರಿಂಗರ್ ಲ್ಯಾಕ್ಟೇಟ್‌ಗೆ ಹೋಗುತ್ತದೆ. ರಕ್ತಸ್ರಾವ ಜಾಸ್ತಿ ಇದ್ದರೆ ಬೇಗ ರಕ್ತವನ್ನೇ ತರಿಸುತ್ತೇನೆ. ಬೇರೆ ಕಡೆ ಸ್ಟಾರ್ಚ್ ಹಾಕಿಸಿಕೊಂಡು ಬಂದ ರೋಗಿಯಾದರೆ ಯಾವ ಬಗೆ, ಎಷ್ಟು ಮಿಲಿ ಎಂದು ಚಾರ್ಟಿನ ಮೊದಲ ಪುಟದಲ್ಲೇ ಬರೆಸುತ್ತೇನೆ. ಮನೆಗೆ ಹೋದ ಮೇಲೂ 90 ದಿನದವರೆಗೆ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡಿಸುತ್ತೇನೆ.